ಗದ್ದ ಸ್ವಲ್ಪ ಮೇಲೆ

ಸ್ಟುಡಿಯೊ ಮಾವ ಪ್ರಥಮ ಚಿಕಿತ್ಸೆ ತರಗತಿಯ ರಬ್ಬರ್ ಗೊಂಬೆಯ ಗದ್ದಕ್ಕೆ ಎರಡು ಬೆರಳು ಕೊಟ್ಟಿದ್ದೇ ತಡ, ಅದರ ಬಾಯಿ ತಾನಾಗಿ ತೆರೆದುಕೊಂಡಿತು. ತೆರೆಯದೆ ಏನು? ಕಡಿಮೆಯೆಂದರೂ ಒಂದು ಕೋಟಿ ಗದ್ದ ಎತ್ತಿದ ಬೆರಳುಗಳವು. ಅವು ತಾಗಿದರೆ ಕಲ್ಲುಕಂಬವೂ ನೆಟ್ಟಗೆ ಕೂತು ಪಾಸ್‌ಪೋರ್ಟ್ ಫೋಟೊಗೆ ಮುಖ ಕೊಟ್ಟೀತು. "ಗದ್ದ ಸ್ವಲ್ಪ ಮೇಲೆ... ಹಾಂ, ಈಗ ನಗಿ," ಎಂದ ಗೊಂಬೆಗೆ. ಕಲಿಯಲು ಬಂದಿದ್ದ ಅಂಗಡಿಯವರೆಲ್ಲ ಛಾವಣಿ ಹಾರುವಂತೆ ನಕ್ಕರು.

ನರ್ಸಮ್ಮನೂ ನಕ್ಕಳು. "ನೋಡಿ, ಮಾವ ತಾಯಿ ಹೊಟ್ಟೇಲೇ ಕಲಿತು ಬಂದಿದ್ದಾರೆ. ಒಂದು ಕೈ ಹಣೆ ಮೇಲೆ, ಎರಡು ಬೆರಳು ಗದ್ದದ ಕೆಳಗೆ. ತಲೆ ಹಿಂದಕ್ಕೆ ವಾಲಿದ್ರೆ ಗಂಟಲಿಗೆ ಅಡ್ಡಬಿದ್ದ ನಾಲಿಗೆ ಸರಿಯುತ್ತೆ. ಎಷ್ಟೋ ಸಲ ಪ್ರಜ್ಞೆ ತಪ್ಪಿದವರು ಅಷ್ಟಕ್ಕೇ ಉಸಿರಾಡ್ತಾರೆ."

"ಎದ್ದು ಕಾಫಿನೂ ಕೇಳ್ತಾರೆ ಬಿಡು ತಾಯಿ!" ಎಂದ ಮಾವ.

"ದಿಂಬು ಮಾತ್ರ ಇಡಬೇಡಿ. ಪಾಪ ಅಂತ ತಲೆ ಎತ್ತರಿಸ್ತೀರಿ, ಗದ್ದ ಎದೆಗೆ ಬೀಳುತ್ತೆ, ಉಸಿರಿನ ದಾರೀನೇ ಮುಚ್ಚಿಹೋಗುತ್ತೆ. ಸರಿ, ಮುಂದಿನವರು ಬನ್ನಿ."

ಮಾವನ ಬೆರಳು ಗೊಂಬೆಯ ಗದ್ದ ಬಿಡಲಿಲ್ಲ. "ಏಳಯ್ಯಾ, ಫೋಟೊ ತೆಗೆದಾಯ್ತು," ಎಂದು ಟೈಲರು ರೇಗಿಸಿದ. ಒಮ್ಮೆ ಸೀನಿದರೆ ಏಳು ಬೀದಿಗೆ ಕೇಳಿಸುವ ಮಾವನ ದನಿ, ಈಗ ಪಕ್ಕದಲ್ಲೇ ಮಂಡಿಯೂರಿದ್ದ ನರ್ಸಮ್ಮನಿಗೂ ಸರಿಯಾಗಿ ಕೇಳಿಸಲಿಲ್ಲ.

"ನನ್ನ ಹೆಂಡತಿ ಅಡುಗೆಮನೇಲಿ ಬಿದ್ದಾಗ ಗೊರಗೊರ ಅಂತಿದ್ಲು, ಸಿಸ್ಟರ್. ನೆಲ ಒತ್ತುತ್ತೆ ಅಂತ ನಾನೇ ಎರಡು ದಿಂಬು ಇಟ್ಟೆ. ಸದ್ದು ನಿಂತಾಗ, ಸದ್ಯ, ಆರಾಮಾಯ್ತು ಅಂದ್ಕೊಂಡೆ."