ಸೊಂಟಕ್ಕೆ ಸೊನ್ನೆ

"ನೋವು ಬಂದಾಗ, ಇದು ಇನ್ನು ಮುಗಿಯೋದೇ ಇಲ್ಲ ಅನ್ನಿಸುತ್ತಾ? ಸೊನ್ನೆ ಅಂದ್ರೆ ಯಾವತ್ತೂ ಇಲ್ಲ, ನಾಲ್ಕು ಅಂದ್ರೆ ಯಾವಾಗಲೂ," ಎಂದು ಗಿಳಿ ಓದಿದ. ಓದುವಾಗ ಅವನ ಎದೆ ಒಂದಿಷ್ಟು ಉಬ್ಬಿತ್ತು. ನೋವು ಮನಸ್ಸನ್ನು ಎಷ್ಟು ಕಾಡುತ್ತದೆಂದು ಅಳೆಯುವ ಆಸ್ಪತ್ರೆಯ ಪ್ರಶ್ನಾವಳಿಯನ್ನು ಈ ಊರಿನ ಭಾಷೆಯಿಂದ ಕನ್ನಡಕ್ಕೆ ತಂದ ದುಭಾಷಿ ಅವನೇ. ಇವತ್ತು ಮೊದಲ ಸಲ ಅದು ನಿಜವಾದ ರೋಗಿಯ ಕಿವಿಗೆ ಬೀಳುತ್ತಿತ್ತು.

"ಸೊನ್ನೆ," ಎಂದರು ಟೀಚರಮ್ಮ.

ರೋಗಿ ಬೇರೆ ಯಾರೂ ಅಲ್ಲ, ಗಿಳಿಗೆ ಗಿಳಿಯೆಂದು ಹೆಸರಿಟ್ಟ ಗಣಿತದ ಟೀಚರೇ. ಬೆನ್ನ ಹಿಂದೆ ಅವರ ದನಿ ಅನುಕರಿಸಿ ಸಿಕ್ಕಿಬಿದ್ದ ದಿನ ದಕ್ಕಿದ ಬಿರುದು ಅದು. ನಿವೃತ್ತರಾಗಿ ಈ ದೂರದ ಊರಿಗೆ, ಮಗಳ ಮನೆಗೆ ಬಂದು ನೆಲೆಸಿದವರು ಇವತ್ತು ಸೊಂಟದ ಹಿಂದೆ ಕೈಚೀಲ ಒತ್ತಿಟ್ಟುಕೊಂಡು, ಸೆಟೆದು ಅವನೆದುರು ಕೂತಿದ್ದರು.

"ನೋವಿನ ಭಯಕ್ಕೆ ಕೆಲಸ ಬಿಡ್ತೀರಾ?"

"ಸೊನ್ನೆ."

"ನೋವು ಬಿಟ್ಟು ಬೇರೇನೂ ತಲೆಗೆ ಬರೋದೇ ಇಲ್ವಾ?"

"ಅರ್ಧ ಅಂತ ಬರ್ಕೋ."

ಮೇಜಿನಾಚೆ ಕೂತಿದ್ದ ಮನೋವೈದ್ಯೆಗೆ ಕನ್ನಡ ಬಾರದಿದ್ದರೂ ಸೊನ್ನೆ ಅರ್ಥವಾಗತೊಡಗಿತ್ತು. "ಇಷ್ಟು ಕಡಿಮೆ ಬಂದರೆ ನೋವಿನ ಚಿಕಿತ್ಸೆಗೆ ಇವರನ್ನು ಸೇರಿಸಿಕೊಳ್ಳುವ ಹಾಗಿಲ್ಲ," ಎಂದು ತಮ್ಮ ಭಾಷೆಯಲ್ಲಿ ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು. "ಇಲ್ಲವೇ ನಿಮ್ಮ ಅನುವಾದವೇ ಕೆಟ್ಟಿದೆ."

ಉಬ್ಬಿದ ಎದೆ ಇಳಿಯಿತು. ಟೀಚರಮ್ಮ ಬಾಗಿಲು, ಬೀರು, ಮೇಜು ಎಂದು ಹಿಡಿದು ಹಿಡಿದು ಒಳಗೆ ಬಂದದ್ದನ್ನು ಗಿಳಿ ಕಣ್ಣಾರೆ ಕಂಡಿದ್ದ.

"ಟೀಚರ್, ಪ್ರಶ್ನೆ ಅರ್ಥ ಆಗ್ಲಿಲ್ವಾ?"

"ಚೆನ್ನಾಗೇ ಆಯ್ತು. ಭಾಷೆ ಪರವಾಗಿಲ್ಲ, ಸುಧಾರಿಸಿದೀಯ. ಆದ್ರೆ ನಾಲ್ಕಕ್ಕೆ ನಾಲ್ಕು ನಾನು ಯಾರಿಗೆ ಕೊಟ್ಟಿದೀನೋ? ಕಷ್ಟಪಟ್ಟು ಓದೋ ಮಕ್ಕಳಿಗೇ ಕೊಡದವಳು ಈ ದರಿದ್ರ ನೋವಿಗೆ ಕೊಡ್ತೀನಾ? ಕೊಟ್ರೆ ತಲೆ ಮೇಲೆ ಹತ್ತಿ ಕೂತ್ಕೊಳ್ಳುತ್ತೆ."

ಟೀಚರಿಗೆ ಅಂಕಿಯೆಂದರೆ ಮಾರ್ಕು ಎಂದು ಗಿಳಿಗೆ ಆಗ ಹೊಳೆಯಿತು. ಪ್ರಶ್ನೆಗಳ ಒಂದೊಂದು ಮಾತನ್ನೂ ತೂಗಿ ಕನ್ನಡ ಮಾಡಿದವನು ಅಂಕಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದ. ಅಂಕಿಗೆಂಥ ಅನುವಾದ ಎಂದುಕೊಂಡಿದ್ದ.

"ಡಾಕ್ಟರ್, ಪೆನ್ನಿನ ಮುಚ್ಚಳ ತೆಗೀರಿ," ಎಂದು ವೈದ್ಯೆಗೆ ಅವರ ಭಾಷೆಯಲ್ಲೇ ಹೇಳಿದವನೇ ಹಾಳೆ ಬದಿಗೆ ಸರಿಸಿ, ತನ್ನ ಚೀಲವನ್ನು ಸೊಂಟದ ಹಿಂದೆ ಸಿಕ್ಕಿಸಿಕೊಂಡು ಸೆಟೆದು ಕೂತ. "ಏಯ್, ಕೊನೇ ಬೆಂಚು! ಏನದು ಗಲಾಟೆ?" ಟೀಚರಮ್ಮನದೇ ದನಿ. ಗದರಿಸುತ್ತ ಎದ್ದುನಿಂತು, "ಅಯ್ಯಮ್ಮಾ," ಎಂದು ಸೊಂಟ ಹಿಡಿದುಕೊಂಡ.

ವೈದ್ಯೆ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು. ಟೀಚರಮ್ಮನ ಹುಬ್ಬು ಮೇಲೇರಿತು.

"ಥೂ, ಕಾಲು ಮಾರ್ಕೂ ಬರಲ್ಲ. ನಾನು ಹಾಗೆ ಜಿಗಿದು ಏಳ್ತೀನೇನೋ? ಮೊದಲು ಕೂತಲ್ಲೇ ಮುಂದಕ್ಕೆ ಜರುಗು. ಎಡಗೈ ಮೇಜಿಗೆ ಊರು. ಉಸಿರು ಹಿಡಿ. ಅರ್ಧ ಎದ್ದಾಗ ಛಳಕ್ ಅನ್ನುತ್ತೆ, ಅಲ್ಲೇ ನಿಲ್ಲು. ನರಳಬೇಡ. ನರಳಿದ್ರೆ ಮೊಮ್ಮಗಳು ಓದೋದು ಬಿಟ್ಟು ಓಡಿ ಬರ್ತಾಳೆ. ತುಟಿ ಕಚ್ಚು. ಇನ್ನು ಸಾಯೋವರೆಗೂ ಇದೇ ಗತಿ ಅಂತ ಮನಸ್ಸಲ್ಲೇ ಅಂದ್ಕೋ. ಆಮೇಲೆ ನಗು."

ಒಂದೊಂದು ಮಾತನ್ನೂ ವೈದ್ಯೆಗೆ ದಾಟಿಸಿ, ಗಿಳಿ ಮತ್ತೆ ಕೂತ. ಜರುಗಿದ. ಎಡಗೈ ಊರಿದ. ಅರ್ಧ ಎದ್ದು ಅಲ್ಲೇ ನಿಂತ, ತುಟಿ ಕಚ್ಚಿದ, ನಕ್ಕ. ಈ ಸಲ ಬೇರೆ ಯಾರೂ ನಗಲಿಲ್ಲ. ವೈದ್ಯೆ ಬರೆದುಕೊಳ್ಳುತ್ತಲೇ ಇದ್ದರು.

ಟೀಚರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಾಲ್ಕಕ್ಕೆ ನಾಲ್ಕು."

ಶಾಲೆಯಲ್ಲಿದ್ದಷ್ಟು ವರ್ಷವೂ ಕೇಳದ ಮಾತು ಇವತ್ತು ಕಿವಿಗೆ ಬಿದ್ದಿತ್ತು. ಗಿಳಿಯ ಮುಖ ಇಷ್ಟಗಲವಾಯಿತು. "ಥ್ಯಾಂಕ್ಸ್ ಟೀಚರ್."

"ನಿನಗಲ್ವೋ, ಗಿಳಿ," ಎನ್ನುತ್ತ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟರು. "ಇದಕ್ಕೆ."