ಇಳೀಬೇಡಿ

ಪಾಳಿಯ ಜೊತೆಗಾರನ ತಲೆಯಿಂದ ಹೆಡ್‌ಫೋನನ್ನು ಅವಳು ಕಿತ್ತುಕೊಂಡ ರಭಸಕ್ಕೆ ಅವನ ಕಿವಿ ಗೀರಿ ರಕ್ತ ಬಂತು. ಏನಾಗಿದೆ ನಿಮಗೆ ಎಂದು ಅವನು ಕೇಳುತ್ತಲೇ ಇದ್ದ. ಅವಳು ಅವನನ್ನು ಭುಜದಿಂದ ತಳ್ಳಿ ಅವನ ಕುರ್ಚಿಯಲ್ಲಿ ಆಗಲೇ ಕೂತಾಗಿತ್ತು.

ಕಂಟ್ರೋಲ್ ಟವರಿನ ಗಾಜುಗಳು ಗಡಗಡ ಅಲುಗುತ್ತಿದ್ದವು. ಬೆಳಗಿನಿಂದ ಆ ಹಾಳು ಗಾಳಿಗೆ ಹುಚ್ಚು ಹಿಡಿದಿತ್ತು. ರನ್‌ವೇಗೆ ಅಡ್ಡಲಾಗಿ ಬೀಸುವುದು, ಸುಸ್ತಾದಂತೆ ನಟಿಸುವುದು, ಮತ್ತೆ ಮೈಮೇಲೆ ಬೀಳುವುದು. ದೂರದಲ್ಲಿ ಒಂದು ಪುಟ್ಟ ಬಿಳಿ ವಿಮಾನ ಓಲಾಡುತ್ತಿತ್ತು. ಒಳಗೆ ಒಬ್ಬನೇ ಒಬ್ಬ. ಅವಳ ಗಂಡ. ವರ್ಷದ ಹಿಂದೆ ಅವಳು ಬಿಟ್ಟುಬಂದ ಗಂಡ.

ಯಾಕೆ ಬಂದಿದ್ದ ಎಂಬುದು ಟವರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಗಳನ್ನು ಕರೆದೊಯ್ಯಲು. ಎಂಟು ವರ್ಷದ ಹುಡುಗಿಯನ್ನು ಕೋರ್ಟು ಅವನ ಕೈಗೆ ಕೊಟ್ಟಿತ್ತು. ಇವತ್ತಲ್ಲದಿದ್ದರೆ ನಾಳೆ, ಅವನು ಬಿಡುವ ಪೈಕಿಯಲ್ಲ. ಹುಡುಗಿ ಕೆಳಗೆ ಕಾಯುವ ಕೋಣೆಯಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು.

ಆ ಮಗುವಿನ ಬಲಗೈ ಇನ್ನೂ ನೆಟ್ಟಗಾಗಿರಲಿಲ್ಲ. ಮೆಟ್ಟಿಲಿನಿಂದ ಬಿದ್ದಳು ಎಂದು ಅವನ ವಕೀಲ ಹೇಳಿದ, ಕೋರ್ಟು ತಲೆಯಾಡಿಸಿತು. ನಡೆದದ್ದೇ ಬೇರೆ. ಆ ಸಂಜೆ ಅವನು ಬೆಲ್ಟು ಬಿಚ್ಚಿದ್ದು ಹೆಂಡತಿಗೆ ಬಾರಿಸಲು. ಮಗು ಓಡಿ ಬಂತು. ಮಗುವನ್ನು ಮಾತ್ರ ಮುಟ್ಟಬೇಡಿ ಎಂದು ಇವಳು ಕಾಲು ಹಿಡಿದಳು. ಅವನು ಬೆಲ್ಟು ಬಿಸಾಕಿ, ಮಗುವಿನ ಕೈ ಹಿಡಿದು ತಿರುಚಿದ. ಅಪ್ಪನಂತೆ, ಅಪ್ಪ! ಲಟಕ್ಕೆಂದ ಆ ಸದ್ದು ಅವಳ ಕಿವಿಯಿಂದ ಹೋಗಿರಲಿಲ್ಲ.

ಅಂಥವಳ ಕೈಗೆ ಈಗ ಮೈಕು ಸಿಕ್ಕಿತ್ತು. ಗಾಳಿಯ ಅಂಕಿಯನ್ನು ಒಂದಿಷ್ಟು ಇಳಿಸಿ ಹೇಳಿದರೆ ಸಾಕು, ಆಸಾಮಿ ಮಣ್ಣುಮುಕ್ಕುತ್ತಾನೆ. ಜೊತೆಗಾರನಿಗೂ ಅದೇ ಅನುಮಾನ ಬಂತು. ಕಿವಿ ಒತ್ತಿಕೊಂಡು, ಅವಳ ಬಾಯನ್ನೇ ನೋಡುತ್ತಾ ಹಿಂದೆ ನಿಂತ.

ಅವಳು ಅಂಕಿ ಓದಿದಳು. ಮೀಟರಿನಲ್ಲಿ ಇದ್ದದ್ದು ಇದ್ದ ಹಾಗೆ. ಎಡದಿಂದ ಅಡ್ಡಗಾಳಿ, ಮೂವತ್ತು ನಾಟ್ ವೇಗ, ನಡುನಡುವೆ ನಲವತ್ತು. ಆ ವಿಮಾನ ತಾಳುವುದು ಹದಿನೈದು.

"ಇಳೀಬೇಡಿ," ಎಂದಳು. "ವಾಪಸ್ ಹೋಗ್ಬಿಡಿ. ಈ ಗಾಳೀಲಿ ನಿಮ್ಮ ಕೈಲಿ ಆಗಲ್ಲ."

ಕರಕರ ಸದ್ದಿನ ನಡುವೆ ಅವನ ದನಿ. "ಓಹೋ, ನೀನಾ? ವಿಮಾನ ಓಡಿಸೋದು ನೀನೋ ನಾನೋ?"

"ದಮ್ಮಯ್ಯ ಅಂತೀನಿ ರೀ, ಇಳೀಬೇಡಿ."

"ಬಾಯ್ಮುಚ್ಕೊಂಡು ನೋಡ್ತಿರು."

ಮತ್ತೆ ಮೂರು ಸಲ ಬೇಡಿಕೊಂಡಳು, ಕೊನೆಯ ಸಲ ಅಳುತ್ತಲೇ. ಅವನು ರೇಡಿಯೋ ಬಂದ್ ಮಾಡಿದ.

ವಿಮಾನ ತಿರುಗಿ ಬಂತು. ಮೂತಿ ಒಂದು ಕಡೆ, ನಡೆ ಒಂದು ಕಡೆ. ಚಕ್ರ ಇನ್ನೇನು ನೆಲಕ್ಕೆ ತಾಕಬೇಕು, ಗಾಳಿ ಕೆನ್ನೆಗೆ ಬಾರಿಸಿದಂತೆ ಬಡಿಯಿತು. ಎಡರೆಕ್ಕೆ ಮೇಲೆದ್ದಿತು. ಬಲರೆಕ್ಕೆ ಡಾಂಬರಿಗೆ ಉಜ್ಜಿ, ಕಿಡಿ ಕಾರಿ, ಬುಡದಿಂದ ಮುರಿಯಿತು. ಎರಡು ಪಲ್ಟಿ ಹೊಡೆದ ವಿಮಾನ ಬೇಲಿಯ ಕಾಂಕ್ರೀಟ್ ಕಂಬಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಅಗ್ನಿಶಾಮಕದವರು ಅವನನ್ನು ಎಳೆದು ತೆಗೆದಾಗ ಮುಖವೆಂಬುದು ಉಳಿದಿರಲಿಲ್ಲ.

ಎಂಟನೆಯ ದಿನ ತನಿಖಾಧಿಕಾರಿ ಅವಳನ್ನು ಕರೆಸಿದ. ಜೊತೆಗಾರ ತನ್ನ ಅನುಮಾನವನ್ನು ಮುಚ್ಚಿಡದೆ ಹೇಳಿಬಿಟ್ಟಿದ್ದ. ಅಧಿಕಾರಿ ಟವರಿನ ಧ್ವನಿಮುದ್ರಣವನ್ನು ನಾಲ್ಕು ಸಲ ಕೇಳಿದ್ದ, ಅವಳು ಹೇಳಿದ ಅಂಕಿಗಳನ್ನು ಯಂತ್ರದ ದಾಖಲೆಯೊಂದಿಗೆ ತಾಳೆ ನೋಡಿದ್ದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಇಂಥವಳನ್ನು ಅನುಮಾನಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಫೈಲು ಮುಚ್ಚಿ, ನೀರಿನ ಲೋಟವನ್ನು ಅವಳತ್ತ ಸರಿಸಿದ.

"ಒಂದೇ ಒಂದು ಅರ್ಥ ಆಗ್ತಿಲ್ಲಮ್ಮ. ನೀವು ಮೈಕ್ ಹಿಡಿಯೋಕೆ ಮುಂಚೆ ನಿಮ್ಮ ಯಜಮಾನ್ರೇ ನಿಮ್ಮ ಜೊತೆಯವರಿಗೆ ಹೇಳಿದ್ರು, ಗಾಳಿ ಜೋರಿದೆ, ವಾಪಸ್ ಹೋಗ್ತೀನಿ, ನಾಳೆ ಬರ್ತೀನಿ ಅಂತ. ಸ್ಪೀಕರಲ್ಲಿ ಅದು ನಿಮಗೂ ಕೇಳಿಸಿತ್ತು, ನೀವೂ ಹೋಗಿ ಅಂತಾನೇ ಅಂದ್ರಿ. ಮತ್ಯಾಕೆ ಇಳಿದ್ರು?"

ಅವಳು ಕಣ್ಣೊರೆಸಿಕೊಂಡಳು.

"ಅವರು ಯಾವತ್ತೂ ನನ್ನ ಮಾತು ಕೇಳಿದವರಲ್ಲ ಸಾರ್."

ಅದನ್ನು ನೆಚ್ಚಿಕೊಂಡೇ ಅವಳು ಬೇಡ ಬೇಡ ಎಂದು ಅಷ್ಟು ಸಲ ಅಂಗಲಾಚಿದ್ದು.