ಕಿಟ್ಟ

"ತಪ್ಪು ಗಂಗಹನುಮಯ್ಯಂದೇ, ಅಜಾಗರೂಕತೆಯಿಂದ ಕೈ ಸುಟ್ಕೊಂಡ ಅಂತ ಬರ್ದಿದೀನಿ. ಸೈನ್ ಹಾಕಿ, ಮೇಸ್ತ್ರಿ," ಎಂದು ಮಾಲೀಕರು ಕಾಗದ ಮುಂದಿಟ್ಟರು. ರಾಜಾಜಿನಗರದ ಆ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಚಿಕ್ಕಹೊನ್ನಪ್ಪನಿಗೆ ಸಿಟ್ಟಿನಿಂದ ಮೈಯೆಲ್ಲ ಉರಿದುಹೋಯಿತು. ಗಂಗಹನುಮಯ್ಯ ಕುಲುಮೆಯಿಂದ ಕೆಂಪಗೆ ಕಾದ ತಟ್ಟೆಯನ್ನು ಹೊರಗೆಳೆಯುವಾಗ ಮುರಿದ ಉಕ್ಕಿನ ಕೊಕ್ಕೆ ಮೇಜಿನ ಮೇಲೇ ಬಿದ್ದಿತ್ತು.

ಅವನು ಅದನ್ನೆತ್ತಿ ಹೆಬ್ಬೆರಳಿನಿಂದ ಒತ್ತಿದ. ಕರಿ ಕಿಟ್ಟ ಹಪ್ಪಳದಂತೆ ಎದ್ದು ಕಾಗದದ ಮೇಲೆ ಉದುರಿತು. ಅದರಡಿ ಇನ್ನೊಂದು ಪದರ. ಬೆಂಕಿ ತಿಂದು ಉಳಿಸಿದ ಉಕ್ಕು ಒಳಗೆ ಪೆನ್ಸಿಲಿನಷ್ಟು ದಪ್ಪವೂ ಇರಲಿಲ್ಲ.

"ಕೊಕ್ಕೆ ಸವೆದೋಗಿದೆ, ಕಾವು ತಡೆಯೋ ಉಕ್ಕಿಂದು ತರ್ಸಿ ಅಂತ ಮೂರು ಸಲ ಹೇಳ್ದೆ. ಏನಂದ್ರಿ ಸಾರ್ ನೀವು?"

"ಈಗ ಅದೆಲ್ಲ ಯಾಕ್ರೀ?"

"ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ, ಕೊಕ್ಕೆಗೆ ಕರಿ ಬಣ್ಣ ಬಳೀರಿ ಅಂದ್ರಿ. ಬಳಿದೋನು ನಾನೇ!"

ಅವನ ಕೂಗು ಕೇಳಿ, ಹೊರಗೆ ಕುಳಿತಿದ್ದ ಗಂಗಹನುಮಯ್ಯನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಚಿಕ್ಕಹೊನ್ನಪ್ಪ ಆಕೆಯ ಮುಖ ನೋಡಲಾರದೆ ಪೆನ್ನು ಕೈಗೆತ್ತಿಕೊಂಡ. ಗಂಗಹನುಮಯ್ಯನ ಹೆಸರನ್ನು ಹೊಡೆದುಹಾಕಿ, ಆ ಜಾಗದಲ್ಲಿ ಮಾಲೀಕರ ಹೆಸರು ಬರೆದ. ಅದರ ಪಕ್ಕದಲ್ಲೇ ತನ್ನ ಹೆಸರನ್ನೂ ಬರೆದು ಸೈನ್ ಹಾಕಿದ.